ಸೋಲಾರ್ ಹಾಕಿಸುವ ಮುನ್ನ ಬಿಲ್ಲಿನಲ್ಲಿರುವ ಹೆಸರು ನೋಡಿ

ಕೊಡಗಿನಲ್ಲಿ ಫ್ಯಾನ್ ಇಲ್ಲದ ಮನೆಗಳು ಇನ್ನೂ ಸಿಗುತ್ತವೆ, ಬಿಸಿನೀರು ಕಾಯಿಸದ ಮನೆ ಸಿಗುವುದಿಲ್ಲ. ಬಚ್ಚಲ ಹಂಡೆಗೆ ತೋಟದ ಸೌದೆ ಒಟ್ಟುತ್ತಿದ್ದವರು ಗೀಸರ್‌ಗೆ ಬಂದರು. ಗೀಸರ್ ಓಡಿಸಿ ಬಂದ ಬಿಲ್ ಕಂಡು ಈಗ ಸೋಲಾರ್ ಕಡೆ ತಿರುಗುತ್ತಿದ್ದಾರೆ. ಆಗ ಬರುವ ಮೊದಲ ಪ್ರಶ್ನೆ ಒಂದೇ: ಇದರ ಖರ್ಚನ್ನು ಇನ್‌ಕಮ್ ಟ್ಯಾಕ್ಸಿನಲ್ಲಿ ಕಳೆಯಬಹುದೇ?

ವಾಸದ ಮನೆಗಾದರೆ ಇಲ್ಲ. ಅಮೆರಿಕದಲ್ಲಿ ಮನೆ, ನೀರು ಬಿಸಿ ಮಾಡುವ ಹೀಟ್ ಪಂಪ್ ಹಾಕಿಸಿದವರಿಗೆ ವೆಚ್ಚದ ಶೇ 30ರಷ್ಟು, ವರ್ಷಕ್ಕೆ ಗರಿಷ್ಠ 2,000 ಡಾಲರ್, ತೆರಿಗೆಯಲ್ಲೇ ಬಿಡುತ್ತಿದ್ದರು. ಅದೂ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ನಮ್ಮಲ್ಲಿ ಸಹಾಯಧನ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಕೊಡಗಿಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ಕಾಫಿಯನ್ನು ಬೆಳೆದು ಹಾಗೇ ಮಾರುವವರಿಗೆ ಆ ಆದಾಯದ ಮೇಲೆ ಕೇಂದ್ರದ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿಸಿ ಮಾರಿದರೂ ಆದಾಯದ ಶೇ 25 ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ತೆರಿಗೆಯೇ ಕಟ್ಟದ ಸಣ್ಣ ಬೆಳೆಗಾರನಿಗೆ ತೆರಿಗೆ ರಿಯಾಯಿತಿ ಕೊಟ್ಟು ಏನು ಬಂತು?

ಕೇಂದ್ರ ಸಚಿವ ಸಂಪುಟ 2024ರ ಫೆಬ್ರುವರಿ 29ರಂದು ಒಪ್ಪಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಚಾವಣಿಯ ಮೇಲಿನ ಸೋಲಾರ್‌ಗೆ 1 ಕಿಲೋವಾಟ್‌ಗೆ 30,000, 2 ಕಿಲೋವಾಟ್‌ಗೆ 60,000, 3 ಕಿಲೋವಾಟ್ ಅಥವಾ ಹೆಚ್ಚಿಗೆ 78,000 ರೂಪಾಯಿ ಸಿಗುತ್ತದೆ. ಯೋಜನೆಯ ಪೋರ್ಟಲ್‌ನಲ್ಲಿ ನಮ್ಮ ವಿದ್ಯುತ್ ಕಂಪನಿ ಸೆಸ್ಕ್ ಆಯ್ದುಕೊಂಡು ಬಿಲ್ಲಿನಲ್ಲಿರುವ ಗ್ರಾಹಕ ಖಾತೆ ಸಂಖ್ಯೆ ಕೊಟ್ಟು ಅರ್ಜಿ ಹಾಕಬೇಕು. ಅಲ್ಲಿ ನೋಂದಾಯಿಸಿಕೊಂಡ ಮಾರಾಟಗಾರರಿಂದಲೇ ಕೆಲಸ ಮಾಡಿಸಬೇಕು. ಪ್ಯಾನಲ್‌ಗಳ ಒಳಗಿನ ಸೆಲ್‌ಗಳು ಕೂಡ ಭಾರತದಲ್ಲೇ ತಯಾರಾಗಿರಬೇಕು. ಆಮದು ಪ್ಯಾನಲ್ ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಿದರೆ ಸಹಾಯಧನ ಹೋಯಿತು. ನೆಟ್ ಮೀಟರ್ ಕೂತು ಸೆಸ್ಕ್ ತಪಾಸಣೆ ಮುಗಿದ ಮೇಲೆ ಬ್ಯಾಂಕ್ ವಿವರ ಸಲ್ಲಿಸಿದರೆ ಹಣ ಬರುತ್ತದೆ. ಅಂದರೆ ಮೊದಲು ಕೈಯಿಂದ ಹಾಕಬೇಕು. ಅದಕ್ಕೆ ಬ್ಯಾಂಕುಗಳಲ್ಲಿ 3 ಕಿಲೋವಾಟ್‌ವರೆಗೆ 2 ಲಕ್ಷ ರೂಪಾಯಿ ತನಕ ಅಡಮಾನವಿಲ್ಲದ ಸಾಲವಿದೆ.

ಕೊಡಗಿನಲ್ಲಿ ಕಾಗದಪತ್ರ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಮೀಟರ್ ಅಜ್ಜನ ಹೆಸರಿನಲ್ಲಿರುತ್ತದೆ, ಅಜ್ಜ ತೀರಿ ಇಪ್ಪತ್ತು ವರ್ಷವಾಗಿರುತ್ತದೆ. ಒಕ್ಕದ, ಅಂದರೆ ಕೊಡವ ಮನೆತನದ, ಜಾಗವಾದರೆ ಅದರ ಯಜಮಾನರಾದ ಪಟ್ಟೆದಾರರ ಹೆಸರು, ಮನೆಯಲ್ಲಿರುವವರು ಇನ್ನೊಬ್ಬರು. ಬಿಲ್ ಕಟ್ಟಲು ಯಾರೂ ಹೆಸರು ಕೇಳುವುದಿಲ್ಲ, ಸಹಾಯಧನಕ್ಕೆ ಕೇಳುತ್ತಾರೆ. ಹಾಗಾಗಿ ಮಾರಾಟಗಾರರನ್ನು ಕರೆಯುವ ಮೊದಲೇ ಸೆಸ್ಕ್ ಉಪವಿಭಾಗದ ಕಚೇರಿಗೆ ಹೋಗಿ ಹೆಸರು ಬದಲಾಯಿಸಿಕೊಳ್ಳಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆ ತೆರಿಗೆ ರಸೀದಿ, ಉಳಿದ ಹಕ್ಕುದಾರರ ಒಪ್ಪಿಗೆ ಪತ್ರ ಜೊತೆಗಿದ್ದರೆ ಓಡಾಟ ಕಡಿಮೆ. ಒಪ್ಪಿಗೆ ಕೊಡಬೇಕಾದವರು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದರೆ ಅವರು ಹಬ್ಬಕ್ಕೆ ಊರಿಗೆ ಬಂದಾಗಲೇ ಸಹಿ ಮಾಡಿಸಿಕೊಳ್ಳಿ.

ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವ ಮನೆಗೆ ಚಾವಣಿ ಸೋಲಾರ್‌ನಿಂದ ಉಳಿತಾಯ ತೀರ ಕಡಿಮೆ. ಬಳಕೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವವರಿಗೆ ಇದು ನಿಜವಾದ ಲಾಭ. ಕುಶಾಲನಗರದ ಕಡೆ ಬಿಸಿಲು ಚೆನ್ನಾಗಿದೆ. ಭಾಗಮಂಡಲ, ನಾಪೋಕ್ಲು ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಸಿಲ್ವರ್ ಓಕ್ ನೆರಳು ಬೀಳುವ ಹೆಂಚಿನ ಮನೆಗಿಂತ ಬಯಲಿಗಿರುವ ತಾರಸಿಯೇ ಮೇಲು.

ಇನ್ನೊಂದು ಮಾತನ್ನು ಮಾರುವವರು ಮುಂದಾಗಿ ಹೇಳುವುದು ಅಪರೂಪ. ಬ್ಯಾಟರಿ ಇಲ್ಲದ ಚಾವಣಿ ಸೋಲಾರ್ ಕರೆಂಟ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ತಾಗಬಾರದೆಂದೇ ಹಾಗೆ ಮಾಡಿದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕತ್ತಲಾಗುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಬ್ಯಾಟರಿ ಬೇಕೆಂದರೆ ಅದರ ಖರ್ಚು ನಿಮ್ಮದೇ, ಅದಕ್ಕೆ ಪ್ರತ್ಯೇಕ ಸಹಾಯಧನವಿಲ್ಲ.

ಬಿಸಿನೀರಿಗಷ್ಟೇ ಸಾಕು ಎನ್ನುವವರಿಗೆ ಸೋಲಾರ್ ವಾಟರ್ ಹೀಟರ್ ಇದೆ. ಅದರ ಕೇಂದ್ರ ಸಹಾಯಧನ 2014ರಲ್ಲೇ ನಿಂತಿತು. ರಾಜ್ಯದ ವಿದ್ಯುತ್ ದರಪಟ್ಟಿಯಲ್ಲಿ ಹಲವು ವರ್ಷಗಳಿಂದ ಬಂದಿರುವ ರಿಯಾಯಿತಿ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಗರಿಷ್ಠ 50 ರೂಪಾಯಿ. ಹೀಟರ್ ಹಾಕಿಸಿದವರು ಉಪವಿಭಾಗದಲ್ಲಿ ಅರ್ಜಿ ಕೊಟ್ಟು, ಬಿಲ್ಲಿನಲ್ಲಿ ಅದು ಬಂದಿದೆಯೇ ಎಂದು ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಶೇ 12ರಿಂದ 5ಕ್ಕೆ ಇಳಿದಿದೆ, ಬೆಲೆ ಕೇಳುವಾಗ ನೆನಪಿರಲಿ. ಹೀಟರ್ ಬಂತೆಂದು ಬಚ್ಚಲ ಒಲೆ ಮಾತ್ರ ಒಡೆಸಬೇಡಿ, ಜೋರು ಮಳೆಯ ಆಟಿ ತಿಂಗಳಿಗೆ ಅದೇ ಗತಿ.

ಹೋಂಸ್ಟೇ ನಡೆಸುವವರ ದಾರಿ ಬೇರೆ. ವಾಣಿಜ್ಯ ಮೀಟರ್‌ಗೆ ಸೂರ್ಯಘರ್ ಸಹಾಯಧನ ಇಲ್ಲ, ಆದರೆ ನಿಜವಾದ ತೆರಿಗೆ ಅನುಕೂಲ ಇರುವುದು ಇಲ್ಲೇ. ವ್ಯವಹಾರಕ್ಕೆ ಬಳಸುವ ಸೋಲಾರ್ ಉಪಕರಣದ ಮೇಲೆ ವರ್ಷಕ್ಕೆ ಶೇ 40ರ ದರದಲ್ಲಿ ಸವಕಳಿ ತೋರಿಸಬಹುದು. ಮೊದಲ ವರ್ಷ ಬಳಕೆ 180 ದಿನಕ್ಕಿಂತ ಕಡಿಮೆಯಾದರೆ ಅದರ ಅರ್ಧ. ರಸೀದಿ ವ್ಯವಹಾರದ ಹೆಸರಿನಲ್ಲಿರಲಿ, ಮನೆಯ ಲೆಕ್ಕ ಅದರೊಳಗೆ ಸೇರಿಸಬೇಡಿ.

ಸೂರ್ಯಘರ್ ಯೋಜನೆಯ ಅವಧಿ 2026-27ರ ಆರ್ಥಿಕ ವರ್ಷದವರೆಗೆ. ಹೆಸರು ಬದಲಾವಣೆಗೆ ತಿಂಗಳುಗಳೇ ಹಿಡಿಯಬಹುದು. ಇವತ್ತೇ ಕರೆಂಟ್ ಬಿಲ್ ತೆಗೆದು ಅದರಲ್ಲಿರುವ ಹೆಸರು ಯಾರದೆಂದು ಓದಿಕೊಳ್ಳಿ.