ಗಾಜಿನ ಕಡಲಿಗೆ ಯಾವ ಉಸುಕು?

ಸುರಪುರದಲ್ಲಿ ಕೂತು ಉಪ್ಪುನೀರಿನ ಮೀನು ಸಾಕುತ್ತೇನೆಂದರೆ ಜನಕ್ಕೆ ನಗು. ನನ್ನ ಸೋದರಮಾವ ಮಾತ್ರ ನಗಲಿಲ್ಲ, ಸಿಟ್ಟಿಗೆದ್ದ. ಬೋನಾಳದ ಗೌಂಡಿ ಅವನು. ಹೈದರಾಬಾದಿನಿಂದ ತರಿಸಿದ ಉಸುಕಿನ ಚೀಲ ನೋಡಿ, "ಹೊಳಿ ದಂಡ್ಯಾಗ ಇದ್ದು ಉಸುಕಿಗೆ ರೊಕ್ಕ ಕೊಡ್ತೀಯಲ್ಲೋ, ಹುಚ್ಚು ಹಿಡದದೇನು ನಿನಗ?" ಅಂದ. ಜೀವಮಾನವೆಲ್ಲ ಕೃಷ್ಣೆಯ ಉಸುಕು ಸೋಸಿದವನ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ.

ಉತ್ತರ ಕೊಡಲು ಎರಡು ಲೋಟ, ಒಂದಿಷ್ಟು ವಿನೆಗರ್ ಸಾಕಾಯಿತು. ಒಂದರಲ್ಲಿ ಹೊಳೆಯ ಉಸುಕು, ಇನ್ನೊಂದರಲ್ಲಿ ಚೀಲದ ಉಸುಕು ಹಾಕಿ ಎರಡಕ್ಕೂ ವಿನೆಗರ್ ಸುರಿದೆ. ಹೊಳೆಯದು ಸುಮ್ಮನೆ ತಳದಲ್ಲಿ ಕೂತಿತು. ಚೀಲದ್ದು ಸುಯ್ ಎಂದು ನೊರೆ ಎಬ್ಬಿಸಿತು, ಹರಳು ಹರಳಿಗೂ ಸಣ್ಣ ಗುಳ್ಳೆ ಅಂಟಿಕೊಂಡವು. ಮಾವ ಲೋಟವನ್ನು ಕಿವಿಯ ಹತ್ತಿರ ಹಿಡಿದು ಕೇಳಿದ. "ಇದು ಸುಣ್ಣದ ಜಾತಿ" ಅಂದ. ಅಷ್ಟೇ ವಿಷಯ.

ನಮ್ಮ ಕಡೆಯ ಹೊಳೆ ಉಸುಕು ಹೆಚ್ಚಾಗಿ ಕರಿಕಲ್ಲು, ಬೆಣಚುಕಲ್ಲು ಸವೆದು ಆದದ್ದು. ಅದಕ್ಕೆ ಹುಳಿ ತಾಗುವುದಿಲ್ಲ. ಸಮುದ್ರದ ತೊಟ್ಟಿಗೆ ಹಾಕುವ ಉಸುಕು ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲೂ ಅರಾಗೊನೈಟ್ ಎಂಬ ರೂಪ. ಚಿಪ್ಪು, ಹವಳ ಪುಡಿಯಾಗಿ ಆಗುವಂಥದು. ಹವಳದ ದಿಬ್ಬಗಳ ಗಿಳಿಮೀನು ಕಲ್ಲು ಕಚ್ಚಿ ತಿಂದು, ಹಿಂದಿನಿಂದ ಬಿಳಿ ಉಸುಕನ್ನೇ ಹೊರಹಾಕುತ್ತದೆ. ಬಹಾಮಾಸ್ ದ್ವೀಪಗಳ ಸುತ್ತ ಬೆಚ್ಚನೆಯ ತೆಳುನೀರಿನಲ್ಲಿ ಈ ಸುಣ್ಣ ಪದರ ಪದರವಾಗಿ ಸುತ್ತಿಕೊಂಡು ದುಂಡನೆಯ ಹರಳಾಗುತ್ತದೆ. ಅಂಗಡಿಗೆ ಬರುವ ಎಷ್ಟೋ ಚೀಲಗಳ ತವರು ಅದೇ.

ಇದರಿಂದ ಲಾಭವೇನು? ಸಮುದ್ರದ ನೀರಿನ ಪಿಎಚ್ 8.1ರಿಂದ 8.4ರೊಳಗೆ ಇರಬೇಕು. ಮೀನಿನ ಹೊಲಸು ಕೊಳೆಯುತ್ತ ನೀರು ಹುಳಿಯ ಕಡೆ ವಾಲುತ್ತದೆ, ಆಗ ಈ ಉಸುಕು ಚೂರು ಕರಗಿ ತಡೆಯುತ್ತದೆ ಎನ್ನುತ್ತಾರೆ. ಮಾತು ಅರ್ಧ ನಿಜ. ಪಿಎಚ್ 8.2 ಇದ್ದಾಗ ಅರಾಗೊನೈಟ್ ಕರಗುವುದೇ ಇಲ್ಲ ಅನ್ನಬೇಕು, 7.7ರ ಆಸುಪಾಸು ಇಳಿದ ಮೇಲೆ, ಅದೂ ಹರಳುಗಳ ಸಂದಿನಲ್ಲಿ, ಕರಗುತ್ತದೆ. ಉಸುಕು ಹಾಕಿದೆ, ಇನ್ನು ನೀರು ಪರೀಕ್ಷೆ ಬೇಡ ಎಂದು ಅಂಗಡಿಯವನು ಹೇಳಿದರೆ ನಂಬಬೇಡಿ. ಹಾಗೆಯೇ ಹೊಳೆ ಉಸುಕು ವಿಷವೂ ಅಲ್ಲ. ಅದರ ತೊಂದರೆ ಬೇರೆ: ಜೇಡಿ, ಗೊಬ್ಬರ, ಗದ್ದೆಗೆ ಹೊಡೆದ ಔಷಧ. ನಾರಾಯಣಪುರ ಕಾಲುವೆ ನೀರಿನ ಭತ್ತದ ನಾಡಿನಲ್ಲಿ ಏನೇನು ಹರಿದು ಬಂದು ಉಸುಕಿನಲ್ಲಿ ಕೂತಿದೆಯೋ ಯಾರು ಬಲ್ಲರು.

ಶಹಾಬಾದ್ ಪರ್ಸಿ ಕುಟ್ಟಿ ಹಾಕಿದರಾಯಿತಲ್ಲ, ಅದೂ ಸುಣ್ಣದ ಕಲ್ಲೇ ಎಂದು ಮಾವ ಕೇಳಿದ. ಜಾಣ ಪ್ರಶ್ನೆ. ಅದಕ್ಕೆ ವಿನೆಗರ್ ಹಾಕಿದರೂ ನೊರೆ ಬರುತ್ತದೆ. ಆದರೆ ಅದು ಕ್ಯಾಲ್ಸೈಟ್, ಅರಾಗೊನೈಟಿಗಿಂತ ಕರಗುವುದು ಕಷ್ಟ. ಜೊತೆಗೆ ಜೇಡಿಯೂ ಬೆರೆತಿರುತ್ತದೆ. ಕುಟ್ಟಿದರೆ ಅಂಚು ಚೂಪು. ಉಸುಕನ್ನು ಬಾಯಲ್ಲಿ ತುಂಬಿ ಸೋಸಿ ಕಿವಿರಿನಿಂದ ಬಿಡುವ ಗೋಬಿ ಮೀನಿಗೆ, ರಾತ್ರಿ ಉಸುಕಿನೊಳಗೆ ಹೂತುಕೊಂಡು ಮಲಗುವ ರ‍್ಯಾಸ್ ಮೀನಿಗೆ ಅದು ಗಾಯ ಮಾಡೀತು. 1ರಿಂದ 2 ಮಿ.ಮೀ. ದಪ್ಪದ ದುಂಡು ಹರಳು ಒಳ್ಳೆಯದು. ಹಿಟ್ಟಿನಂಥದ್ದು ಪಂಪಿನ ರಭಸಕ್ಕೆ ಹಾರುತ್ತದೆ, ಜಲ್ಲಿಯಂಥದ್ದರ ಸಂದಿನಲ್ಲಿ ಮೀನಿನ ಊಟ ಬಿದ್ದು ಕೊಳೆಯುತ್ತದೆ.

ಎಷ್ಟು ಆಳ? ಇದಕ್ಕೆ ಬೋನಾಳದ ಕೆರೆಯನ್ನೇ ನೋಡಬೇಕು. 17ನೇ ಶತಮಾನದಲ್ಲಿ ಸುರಪುರದ ದೊರೆ ಪಾಮನಾಯಕ ಕಟ್ಟಿಸಿದ, ಮುಂದೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುಧಾರಿಸಿದ ಕೆರೆ ಅದು, ಈಗ ಪಕ್ಷಿಧಾಮ. ಬೇಸಿಗೆಗೆ ನೀರು ಹಿಂದೆ ಸರಿದಾಗ ಅಂಚಿನ ಕೆಸರಿಗೆ ಕೋಲು ಚುಚ್ಚಿ ತೆಗೆಯಿರಿ: ಮೇಲೆ ಕಂದು, ಒಂದು ಗೇಣು ಕೆಳಗೆ ಕಪ್ಪು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಗಾಳಿ ಮುಟ್ಟದ ಕಡೆ ಬ್ಯಾಕ್ಟೀರಿಯಾ ಗಂಧಕದ ಲವಣವನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುತ್ತವೆ. ಸಿಹಿನೀರಿನಲ್ಲೇ ಇಷ್ಟಾದರೆ, ಒಂದು ಲೀಟರಿಗೆ 2.7 ಗ್ರಾಮಿನಷ್ಟು ಸಲ್ಫೇಟ್ ಇರುವ ಸಮುದ್ರದ ನೀರಿನಲ್ಲಿ ಇನ್ನೆಷ್ಟು! ಹತ್ತು ಸೆಂ.ಮೀ.ಗಿಂತ ಆಳ ಹಾಕಿ, ತಳದಲ್ಲಿ ನೈಟ್ರೇಟ್ ತಗ್ಗಿಸುವ ಪದ್ಧತಿ ಇದೆ. ಅದನ್ನು ಕದಡಬಾರದು, ಅನುಭವ ಬೇಕು. ಹೊಸಬರಿಗೆ 3 ಸೆಂ.ಮೀ. ಸಾಕು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಗೆ ಇದು ಸುಮಾರು 12 ಲೀಟರ್, ತೂಕದಲ್ಲಿ 18 ಕೆ.ಜಿ. ಆಗುತ್ತದೆ.

ತೊಳೆಯುವ ಕೆಲಸವನ್ನು ಮಾವನೇ ವಹಿಸಿಕೊಂಡ. ಬಕೆಟ್ಟಿಗೆ ಮೂರರಲ್ಲೊಂದು ಭಾಗ ಉಸುಕು, ಮೇಲೆ ಪೈಪಿನ ನೀರು, ಮೊಣಕೈವರೆಗೆ ಕೈ ಹಾಕಿ ಕಲಕಿ ಹಾಲಿನಂಥ ನೀರು ಚೆಲ್ಲುವುದು. ತಿಳಿನೀರು ಬರುವ ತನಕ ಬಿಡಲಿಲ್ಲ. ಗಾರೆಗೆ ಉಸುಕು ಆರಿಸುವಾಗ ಗೌಂಡಿಗಳು ಲೋಟದಲ್ಲಿ ನೀರು ಹಾಕಿ ಅಲ್ಲಾಡಿಸಿ, ಮೇಲೆ ಕೂರುವ ಮಣ್ಣಿನ ಪದರ ನೋಡುತ್ತಾರೆ. ಅದನ್ನೇ ಇಲ್ಲಿಯೂ ಮಾಡಿದ. ಕೊನೆಯ ಜಾಲಾಡುವಿಕೆಗೆ ಮಾತ್ರ ಆರ್‌ಒ ನೀರು. ನಮ್ಮ ಬೋರಿನ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ಎಲ್ಲವೂ ಇರುತ್ತವೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನಡೆದೀತು, ಟಿಡಿಎಸ್ ಅಳೆದು ನೋಡಿದರೆ ಚೆನ್ನ. "ಜೀವಂತ ಉಸುಕು" ಎಂದು ಒದ್ದೆಯಾಗಿ ಮಾರುವ ಚೀಲವನ್ನು ತೊಳೆಯಬಾರದು, ದುಡ್ಡು ಕೊಟ್ಟದ್ದೇ ಅದರಲ್ಲಿನ ಬ್ಯಾಕ್ಟೀರಿಯಾಕ್ಕೆ.

ತೊಟ್ಟಿಗೆ ಮೊದಲು ಕಲ್ಲು ಇಡಿ, ಆಮೇಲೆ ಸುತ್ತ ಉಸುಕು. ಉಸುಕಿನ ಮೇಲೆ ಕಲ್ಲು ನಿಲ್ಲಿಸಿದರೆ, ಬಿಲ ತೋಡುವ ಮೀನು ಬುಡ ಸಡಿಲಿಸಿ ಕಲ್ಲು ಉರುಳಿಸೀತು. ಲೀಟರಿಗೆ 35 ಗ್ರಾಮಿನ ಲೆಕ್ಕದಲ್ಲಿ ಸಮುದ್ರ ಲವಣ ಕರಗಿಸಿದ ನೀರನ್ನು ಒಂದು ತಟ್ಟೆಯ ಮೇಲೆ ನಿಧಾನಕ್ಕೆ ಸುರಿಯಿರಿ. ಅಡುಗೆ ಉಪ್ಪು ಬೇಡವೇ ಬೇಡ. ನೀರು ಒಂದೆರಡು ದಿನ ಮಂಜಾಗಿರುತ್ತದೆ. ಹರಳುಗಳ ಮೈಮೇಲೆ ಬ್ಯಾಕ್ಟೀರಿಯಾ ನೆಲೆಗೊಂಡು ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾಡಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡಬೇಡಿ. ನಡುವೆ ಬಿಳಿ ಉಸುಕಿನ ಮೇಲೆ ಕಂದು ಪಾಚಿ ಹಬ್ಬುತ್ತದೆ. ಹೊಸ ತೊಟ್ಟಿಗಳಲ್ಲಿ ಇದು ಸಾಮಾನ್ಯ, ತಾನೇ ಕಡಿಮೆಯಾಗುತ್ತದೆ.

ಚೀಲದ ಬೆಲೆ ಕೇಳಿ, ಮುರ್ಡೇಶ್ವರಕ್ಕೆ ಹೋದಾಗ ಒಂದು ಗೋಣಿ ತುಂಬಿ ತರೋಣ ಎನ್ನುವವರಿದ್ದಾರೆ. ನಮ್ಮ ಕರಾವಳಿಯ ದಂಡೆಯ ಉಸುಕಿನಲ್ಲೂ ಬೆಣಚಿನದೇ ಮೇಲುಗೈ, ನೊರೆ ಬರುವುದು ಚಿಪ್ಪಿನ ಚೂರುಗಳಿಂದ ಮಾತ್ರ. ನೇತ್ರಾಣಿಯ ಸುತ್ತ ಹವಳವಿದೆ, ಆದರೆ ಅದನ್ನು ಮುಟ್ಟುವಂತಿಲ್ಲ: ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲೇ. ಅಂಗಡಿಯಲ್ಲಿ ಹವಳದ ಚೂರು ಕಿಲೋ ಲೆಕ್ಕದಲ್ಲಿ ಕಂಡರೆ ಎಲ್ಲಿಂದ ಬಂತೆಂದು ಕೇಳಿ, ಬಿಲ್ಲು ಕೇಳಿ. ತಡವರಿಸಿದರೆ ಬಿಟ್ಟು ಬನ್ನಿ, ಮೊಹರು ಹಾಕಿದ ಅರಾಗೊನೈಟ್ ಚೀಲವೇ ಕೊಳ್ಳಿ.