ಓದಲು ಕನ್ನಡಿಗ, ನೌಕರಿಗೆ ಪರರಾಜ್ಯದವ: ಜತ್ತ–ಅಕ್ಕಲಕೋಟ ಹುಡುಗರ ಗೋಳು

ಜತ್ತ: ಪೊಲೀಸ್ ಭರತಿ ಬಂತಂದ್ರ ಸಾಕು, ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಗಳಲ್ಲಿ ಹುಡುಗರು ನಸುಕಿನಾಗ ಎದ್ದು ಓಡಲು ಸುರು ಮಾಡುತ್ತಾರೆ. 1600 ಮೀಟರ್ ಓಟ, 100 ಮೀಟರ್ ಓಟ, ಗುಂಡು ಎಸೆತ. ಒಟ್ಟು 50 ಅಂಕ. ಹೊಲದಾಗ ದುಡಿದ ಮೈ, ಕಬ್ಬು ಕಡಿದ ಕೈ. ಗ್ರೌಂಡಿನಲ್ಲಿ ಇವರು ಯಾರಿಗೂ ಕಡಿಮೆ ಇಲ್ಲ. ಬಂಡಿ ಹುಗಿಯುವುದು ಮುಂದಿನ 100 ಅಂಕದ ಲೇಖಿ ಪರೀಕ್ಷೆಯಲ್ಲಿ. ಗಣಿತ ಕೇಳಿದರೂ ಮರಾಠಿಯಲ್ಲೇ, ಮ್ಯಾಲ ಮರಾಠಿ ವ್ಯಾಕರಣ ಬೇರೆ.

ತಲಾಠಿ ಭರತಿಯದೂ ಅದೇ ಕಥೆ. 2023ರ ಪರೀಕ್ಷೆಯಲ್ಲಿ 100 ಪ್ರಶ್ನೆ, 200 ಅಂಕ. ಅದರಲ್ಲಿ 25 ಪ್ರಶ್ನೆ, 50 ಅಂಕ ಮರಾಠಿ ಭಾಷೆಯವೇ. ಒಂದೆರಡು ಅಂಕಕ್ಕೆ ಮೆರಿಟ್ ಲಿಸ್ಟಿನಿಂದ ಹೆಸರು ಜಾರುವ ಈ ಕಾಲದಲ್ಲಿ ಕಾಲು ಪೇಪರು ಕೈ ಕೊಟ್ಟರೆ ಉಳಿಯುವುದೇನು?

ಹಂಗಂತ ಈ ಹುಡುಗರಿಗೆ ಮರಾಠಿ ಬರುವುದಿಲ್ಲವೆ? ಬರುತ್ತದೆ. ಸಂತೆಯಲ್ಲಿ, ಎಸ್‌ಟಿ ಸ್ಟ್ಯಾಂಡಿನಲ್ಲಿ, ತಹಸೀಲ ಕಚೇರಿಯಲ್ಲಿ ಪಟಪಟ ಮಾತಾಡುತ್ತಾರೆ. ಆದರೆ ಬಾಜಾರದ ಮರಾಠಿ ಬ್ಯಾರೆ, ಪೇಪರಿನ ಮರಾಠಿ ಬ್ಯಾರೆ. ಸಮಾಸ, ಪ್ರಯೋಗ, ಗಾದೆಮಾತು ಕೇಳಿದರೆ ಪೆನ್ನು ನಿಲ್ಲುತ್ತದೆ. ಕನ್ನಡ ಶಾಲೆ, ಬಾಲಭಾರತಿಯ ಕನ್ನಡ ಪುಸ್ತಕ, ಹತ್ತನೇತ್ತ ಪರೀಕ್ಷೆಯೂ ಕನ್ನಡದಲ್ಲೇ. ಹನ್ನೊಂದನೇತ್ತಕ್ಕೆ ಹೋದ ದಿನದಿಂದ ಬಹುತೇಕ ಎಲ್ಲವೂ ಮರಾಠಿ, ಇಲ್ಲವೇ ಇಂಗ್ಲಿಷ್.

ತಲಾಠಿಗೆ ಮರಾಠಿ ಬರಬೇಕು ಎನ್ನುವುದು ತಪ್ಪಲ್ಲ. ಸಾತ್‌ಬಾರಾ ಉತಾರ ಬರೆಯುವವ ಅವನೇ. ಆದರೆ ಸರಿಯಾಗಿ ಕಲಿಸದೆ ಪರೀಕ್ಷೆ ಇಡುವುದು ಯಾವ ನ್ಯಾಯ? 2020ರ ಕಾಯ್ದೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಲಿಕೆ ಕಡ್ಡಾಯ ಮಾಡಿತು. ನಮ್ಮವರಲ್ಲಿ ಕೆಲವರಿಗೆ ಇದು ಸಿಟ್ಟಿನ ವಿಷಯ. ನೌಕರಿ ಲೆಕ್ಕದಲ್ಲಿ ನೋಡಿದರೆ ಕನ್ನಡ ಬಿಡಿಸದೆ ಮರಾಠಿಯನ್ನು ಇನ್ನೂ ಚೊಲೋ ಕಲಿಸಬೇಕಾಗಿದೆ. ನಡೆದದ್ದೇ ಬೇರೆ. 2024ರಲ್ಲಿ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ಕರ್ನಾಟಕದವರೆಗೆ ದೊಡ್ಡ ಗದ್ದಲವಾಯಿತು. ಕನ್ನಡ ಬಾರದ ಗುರುಗಳು, ಮರಾಠಿ ತಿಳಿಯದ ಸಣ್ಣ ಮಕ್ಕಳು. ಎರಡೂ ಭಾಷೆ ಕೆಡಲು ಮತ್ತೇನು ಬೇಕು?

ಕಾನೂನಿನ ಆಸರೆಯೂ ಇಲ್ಲಿ ತೆಳುವು. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು, ವಾಸಸ್ಥಳ ಮುಂತಾದವುಗಳ ಮೇಲೆ ಸರ್ಕಾರಿ ನೌಕರಿಯಲ್ಲಿ ಭೇದ ಮಾಡಬಾರದು ಎನ್ನುತ್ತದೆ ಸಂವಿಧಾನದ 16(2)ನೇ ವಿಧಿ. ಆ ಪಟ್ಟಿಯಲ್ಲಿ ಭಾಷೆಯ ಹೆಸರಿಲ್ಲ.

‘ಹಂಗಾದ್ರ ಕರ್ನಾಟಕಕ್ಕ ಹೋಗ್ರಿ’

ಹೀಗೆ ಹೇಳುವವರಿಗೆ ಬಾಯಿಗೆ ಬರವಿಲ್ಲ. ವಿಜಯಪುರ, ಕಲಬುರಗಿ ದೂರವೂ ಅಲ್ಲ. ಅರ್ಜಿ ಹಾಕಲು ಅಡ್ಡಿಯಿಲ್ಲ, ಕನ್ನಡ ಪರೀಕ್ಷೆಯ ಭಯವಂತೂ ಇಲ್ಲವೇ ಇಲ್ಲ. ಆದರೆ ಜಾತಿ ದಾಖಲೆ ಗಡಿ ದಾಟುವುದಿಲ್ಲ. ಒಂದು ರಾಜ್ಯದ ಪರಿಶಿಷ್ಟರು ಇನ್ನೊಂದು ರಾಜ್ಯದಲ್ಲಿ ಮೀಸಲಾತಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತು, 2018ರಲ್ಲಿ ಮತ್ತೆ ಎತ್ತಿ ಹಿಡಿಯಿತು. ಹಿಂದುಳಿದ ವರ್ಗದವರಿಗೂ ಅದೇ ರೂಢಿ. ಜತ್ತದ ಧನಗರ ಹುಡುಗ ಮಹಾರಾಷ್ಟ್ರದಲ್ಲಿ ಎನ್‌ಟಿ-ಸಿ, ಮೀಸಲಾತಿ ಶೇ 3.5. ಗಡಿಯಾಚೆ ಅವನ ಬೀಗರಾದ ಕುರುಬರು ಪ್ರವರ್ಗ 2ಎ. ಅವರೂರಿಗೆ ಹೋಗಿ ಅರ್ಜಿ ಹಾಕಿದರೆ ಇವನು ಮಾತ್ರ ಸಾಮಾನ್ಯ ವರ್ಗ!

ಅಕ್ಕಲಕೋಟದವರಿಗೆ ಹತ್ತಿರದ ಕಲಬುರಗಿ ಇನ್ನೂ ದೂರ. 371ಜೆ ಬಂದ ಮೇಲೆ, ಅಂದರೆ 2013ರಿಂದ, ಅಲ್ಲಿನ ಹುದ್ದೆಗಳಲ್ಲಿ ದೊಡ್ಡ ಪಾಲು ಆ ಭಾಗದ ಸ್ಥಳೀಯರಿಗೆ ಮೀಸಲು. ಅದು ಹಿಂದಿನ ನಿಜಾಮರ ಸೀಮೆಗೆ ಸಿಕ್ಕ ಸವಲತ್ತು. ಅಕ್ಕಲಕೋಟ ಭೋಸಲೆಯವರ ಸಂಸ್ಥಾನ, ಜತ್ತ ಡಫಳೆಯವರದು.

ಒಂದು ಕಿಟಕಿ ಮಾತ್ರ ತೆರೆದಿದೆ. ವೃತ್ತಿಪರ ಕೋರ್ಸುಗಳ ಸಿಇಟಿಯಲ್ಲಿ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳ ಕನ್ನಡಿಗರನ್ನು ಗಡಿನಾಡ ಕನ್ನಡಿಗರೆಂದು ಕರ್ನಾಟಕ ಒಪ್ಪುತ್ತದೆ. ಕನ್ನಡ ಓದಲು ಬರೆಯಲು ಬರುತ್ತದೆಯೆ ಎಂದು ಪರೀಕ್ಷೆಯನ್ನೂ ಮಾಡುತ್ತದೆ. ಪಾಸಾದರೆ ಎಂಜಿನಿಯರಿಂಗ್ ಸೀಟಿಗೆ ಅರ್ಹ. ಓದು ಮುಗಿಸಿ ನೌಕರಿಗೆ ನಿಂತರೆ ಮತ್ತೆ ಪರರಾಜ್ಯದವ.

2024ರ ಜುಲೈನಲ್ಲಿ ಕರ್ನಾಟಕ ಸಂಪುಟ ಒಪ್ಪಿದ ಖಾಸಗಿ ಉದ್ಯೋಗ ಮಸೂದೆ ಇದನ್ನು ಬಿಚ್ಚಿಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ. ಸ್ಥಳೀಯ ಅಂದ್ರ ಯಾರು? ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲೇ ವಾಸವಿದ್ದು, ಕನ್ನಡ ಬಲ್ಲವ. ಉದ್ಯಮಿಗಳ ವಿರೋಧದಿಂದ ಮಸೂದೆ ಕೆಲವೇ ದಿನಗಳಲ್ಲಿ ತಡೆಯಾಯಿತು. ಬೆಂಗಳೂರಿನ ಚರ್ಚೆಯೆಲ್ಲ ಉತ್ತರದಿಂದ ಬಂದವರ ಮೇಲೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ, ಹುಟ್ಟಿದ ದಾಖಲೆ ಮಾತ್ರ ಸಾಂಗಲಿ ಜಿಲ್ಲೆಯದ್ದು ಇದ್ದವನ ನೆನಪು ಹೆಚ್ಚು ಮಂದಿಗೆ ಬರಲಿಲ್ಲ.

ಕಲ್ಲು ಬೀಳುವುದು ಬಸ್ಸಿಗೆ

ಗಡಿ ತಂಟೆ ಎದ್ದಾಗ ಮೊದಲು ಹೊಡೆತ ತಿನ್ನುವುದೂ ಇವರೇ. 2022ರ ನವೆಂಬರಿನಲ್ಲಿ ಜತ್ತದ ಹಳ್ಳಿಗಳ ಬಗ್ಗೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆಡಿದ ಮಾತಿನ ಬೆನ್ನಿಗೆ ಪುಣೆ ಕಡೆ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಡಿಸೆಂಬರ್ 6ಕ್ಕೆ ಬೆಳಗಾವಿ ಹತ್ತಿರ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು. 2025ರ ಫೆಬ್ರುವರಿಯಲ್ಲಿ ಬೆಳಗಾವಿ ತಾಲ್ಲೂಕಿನಲ್ಲಿ ಕಂಡಕ್ಟರನ ಮೇಲೆ ಹಲ್ಲೆ, ಆಮೇಲೆ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಡ್ರೈವರನ ಮುಖಕ್ಕೆ ಮಸಿ, ಮತ್ತೆ ಬಸ್ ಬಂದ್. ನಾಯಕರು ಟಿವಿಯಲ್ಲಿ ಜಗಳಾಡಿದರು. ಕೆಲಸಕ್ಕೆ, ಕಾಲೇಜಿಗೆ ಗಡಿ ದಾಟುವವರ ದಿನದ ಪಗಾರ ಹೋಯಿತು.

ಚಾಕಣದ ಕಾರ್ಖಾನೆಯಲ್ಲಿ ಇವನು ‘ಕಾನಡಿ’. ಬೆಂಗಳೂರಿನಲ್ಲಿ ಆಧಾರ್ ಕಾರ್ಡು ನೋಡಿದವರಿಗೆ ‘ಮರಾಠಿಯವ’. ಚೇಷ್ಟೆಗೆ ಅಂದದ್ದು ಗದ್ದಲದ ದಿನಗಳಲ್ಲಿ ಚೇಷ್ಟೆಯಾಗಿ ಉಳಿಯುವುದಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು. ಬಾಜೂ ಊರಿನ ಮರಾಠಿ ಹುಡುಗನ ಹೊಲಕ್ಕೂ ನೀರಿಲ್ಲ, ಕೈಗೂ ಕೆಲಸವಿಲ್ಲ. ಎರಡೂ ಕಡೆ ಧ್ವಜ ಹಿಡಿಯಲು ಸಿಗುವವರು ಇಂಥ ಖಾಲಿ ಕೈಗಳೇ.

ಈ ಭಾಗದ 247 ಹಳ್ಳಿಗಳನ್ನು ಕರ್ನಾಟಕಕ್ಕೆ ಕೊಡಬೇಕೆಂದು ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. ಕೇಸಿಗೆ ವಯೋಮಿತಿ ಇಲ್ಲ, ಹುಡುಗರಿಗಿದೆ. ತೀರ್ಪಿಗೆ ಕಾಯದೆ ಆಗುವ ಕೆಲಸಗಳೂ ಇವೆ. ಕನ್ನಡ ಶಾಲೆಗಳಿಗೆ ಎರಡೂ ಭಾಷೆ ಬಲ್ಲ ಗುರುಗಳನ್ನು ಕೊಡುವುದು ಮುಂಬಯಿಯ ಕೈಯಲ್ಲಿದೆ. ಬೆಂಗಳೂರಿನ ಕೆಲಸ ಇನ್ನೂ ಸಣ್ಣದು. ತಾಲ್ಲೂಕುಗಳ ಪಟ್ಟಿ ಸಿಇಟಿ ನಿಯಮದಲ್ಲಿ ತಯಾರೇ ಇದೆ. ಮಸೂದೆ ಮತ್ತೆ ಮೇಜಿಗೆ ಬಂದರೆ ಅದೇ ಪಟ್ಟಿಯನ್ನು ‘ಸ್ಥಳೀಯ’ ಎಂಬ ಮಾತಿನ ಕೆಳಗೆ ಬರೆದರಾಯಿತು.