ಡಾಂಬರ್ ಗೋಳಿಯ ಬಳಗದಲ್ಲಿ ಕರೆಂಟ್ ಹರಿದೀತೆ?

ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಡುವ ನ್ಯಾಫ್ತಲೀನ್ ಗುಳಿಗೆ, ಅಂದರೆ ನಮ್ಮ ಡೊಂಬಿವಲಿಯ ಅಂಗಡಿಗಳ ಡಾಂಬರ್ ಗೋಳಿ, ಇಂಗಾಲ ಮತ್ತು ಜಲಜನಕ ಎರಡರಿಂದಲೇ ಆದದ್ದು. ಇಂಥವಕ್ಕೆ ಹೈಡ್ರೋಕಾರ್ಬನ್ ಎಂದು ಹೆಸರು. ಸೀಮೆಎಣ್ಣೆ, ಅಡುಗೆ ಗ್ಯಾಸ್ ಕೂಡ ಇದೇ ಬಳಗ. ಇವುಗಳಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಈ ಬಳಗದ ಕೆಲವಕ್ಕೆ ಬೇರೊಂದು ವಸ್ತುವನ್ನು ಲೆಕ್ಕ ಹಿಡಿದು ಬೆರೆಸಿದರೆ ಹರಿಯುತ್ತದೆ! ಈ ಬೆರಕೆಗೆ ಡೋಪಿಂಗ್ ಎನ್ನುತ್ತಾರೆ.

ಅದು ಹೇಗೆ ಅಂತೀರಾ? ಬೆಳಗಿನ 8 ಗಂಟೆಯ ಕಲ್ಯಾಣ್ ಲೋಕಲ್ ನೆನೆಸಿಕೊಳ್ಳಿ. ಒಂದು ಡಬ್ಬಿಯಲ್ಲಿ ಯಾರೂ ಕದಲುವಂತಿಲ್ಲ. ಪಕ್ಕದ ಡಬ್ಬಿ ಪೂರಾ ಖಾಲಿ ಎಂದೇ ಇಟ್ಟುಕೊಳ್ಳಿ, ಆದರೆ ನಡುವೆ ದಾರಿಯಿಲ್ಲ. ಹೈಡ್ರೋಕಾರ್ಬನ್ನಿನಲ್ಲಿ ಎಲೆಕ್ಟ್ರಾನುಗಳ ಪಾಡು ಇದೇ. ಪೊಟ್ಯಾಸಿಯಂ ಬೆರೆತರೆ ಅದು ತನ್ನ ಎಲೆಕ್ಟ್ರಾನನ್ನು ಖಾಲಿ ಡಬ್ಬಿಗೆ ಹತ್ತಿಸುತ್ತದೆ. ಅಯೋಡಿನ್ ಆದರೆ ತುಂಬಿದ ಡಬ್ಬಿಯಿಂದ ಕೆಲವನ್ನು ಇಳಿಸಿಕೊಳ್ಳುತ್ತದೆ. ಹೇಗಾದರೂ ಓಡಾಟಕ್ಕೆ ಜಾಗವಾಯಿತು. ಎಲೆಕ್ಟ್ರಾನುಗಳ ಓಡಾಟವೇ ಕರೆಂಟ್.

ಗ್ಯಾಸ್ ವೆಲ್ಡಿಂಗಿನ ಅಸಿಟಿಲೀನ್ ಗೊತ್ತಲ್ಲ? ಅದರ ಅಣುಗಳನ್ನು ಸರಪಳಿಯಾಗಿ ಹೆಣೆದರೆ ಪಾಲಿಅಸಿಟಿಲೀನ್. 1977ರಲ್ಲಿ ಶಿರಕಾವಾ, ಮ್ಯಾಕ್‌ಡಯಾರ್ಮಿಡ್ ಮತ್ತು ಹೀಗರ್ ಇದಕ್ಕೆ ಅಯೋಡಿನ್, ಬ್ರೋಮಿನ್ ಆವಿ ತಾಗಿಸಿದಾಗ ಅದರ ವಾಹಕಶಕ್ತಿ ಲಕ್ಷಾಂತರ ಪಟ್ಟು ಏರಿತು. ಮೂವರಿಗೂ 2000ದಲ್ಲಿ ನೊಬೆಲ್ ಬಂತು.

ಮುಂದಿನ ಮೆಟ್ಟಿಲು ಅತಿವಾಹಕತೆ, ಅಂದರೆ ಸೂಪರ್‌ಕಂಡಕ್ಟಿವಿಟಿ. ಇಲ್ಲಿ ಎಲೆಕ್ಟ್ರಾನುಗಳು ಜೋಡಿ ಕಟ್ಟಿಕೊಂಡು ಯಾವ ತಡೆಯೂ ಇಲ್ಲದೆ ಸಾಗುತ್ತವೆ. ತಂತಿ ಬಿಸಿಯಾಗುವುದಿಲ್ಲ, ವಿದ್ಯುತ್ ಪೋಲಾಗುವುದಿಲ್ಲ. ನ್ಯಾಫ್ತಲೀನ್ ಅಣುವಿನಲ್ಲಿ ಎರಡು ಉಂಗುರಗಳಿದ್ದರೆ ಪೈಸೀನ್ ಅಣುವಿನಲ್ಲಿ ಐದು. ಜಪಾನಿನ ಒಕಾಯಾಮಾ ವಿಶ್ವವಿದ್ಯಾಲಯದ ತಂಡ ಪೈಸೀನಿಗೆ ಪೊಟ್ಯಾಸಿಯಂ ಬೆರೆಸಿ, ಮೈನಸ್ 255 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಅತಿವಾಹಕವಾಯಿತೆಂದು 2010ರಲ್ಲಿ ಪ್ರಕಟಿಸಿತು.

ನಮ್ಮ ಮುಂಬಯಿಯ ಕೊಲಾಬಾದಲ್ಲೂ ಇಂಥದೇ ಕುತೂಹಲದ ಕೆಲಸ ನಡೆದಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1994ರಲ್ಲಿ ಇಟ್ರಿಯಂ, ನಿಕಲ್, ಬೋರಾನ್ ಜೊತೆ ತುಸು ಇಂಗಾಲ ಸೇರಿದ ಮಿಶ್ರಣ ಮೈನಸ್ 261 ಡಿಗ್ರಿ ಹೊತ್ತಿಗೆ ಅತಿವಾಹಕವಾಗುವುದನ್ನು ತೋರಿಸಿದರು. ಅದು ಹೈಡ್ರೋಕಾರ್ಬನ್ ಅಲ್ಲ, ಆದರೆ ಚಿಟಿಕೆ ಇಂಗಾಲದ ಮಹಿಮೆ ಅಲ್ಲಿಯೂ ಕಂಡಿತು.

ಪೈಸೀನ್ ಕಥೆ ಮಾತ್ರ ಇನ್ನೂ ಮುಗಿದಿಲ್ಲ. ಮಾದರಿಯ ತೀರಾ ಸಣ್ಣ ಪಾಲಷ್ಟೇ ಅತಿವಾಹಕವಾಗಿತ್ತು. ಇತರ ಹಲವು ಪ್ರಯೋಗಾಲಯಗಳಿಗೆ ಅದೇ ಫಲ ಸಿಗಲಿಲ್ಲ. ಗಾಳಿ, ತೇವ ತಾಗಿದರೆ ವಸ್ತುವೇ ಕೆಡುತ್ತದೆ. ಹಾಗಾಗಿ, ನಷ್ಟವಿಲ್ಲದ ತಂತಿ ಬಂತೆಂಬ ಸುದ್ದಿ ಓದಿದಾಗಲೆಲ್ಲ ಎರಡು ಪ್ರಶ್ನೆ ಕೇಳಿಕೊಳ್ಳಿ: ವಸ್ತುವಿನ ಎಷ್ಟು ಪಾಲು ಹಾಗಾಯಿತು? ಬೇರೆಯವರು ಮಾಡಿದಾಗಲೂ ಆಯಿತೆ? ಉತ್ತರ ಸಿಗುವವರೆಗೆ ಡಾಂಬರ್ ಗೋಳಿ ಸೀರೆಯ ಮಡಿಕೆಯಲ್ಲೇ ಇರಲಿ, ರೇಡಿಯೋ ಮಾತ್ರ ಹಚ್ಚಿರಲಿ!